ಬಾಣಂತಿ ನಾಯಿ, ಹಸುಗೂಸು ಮರಿಗಳು: ಮನೆಯಲ್ಲಿ ಬೆಚ್ಚಗಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮರಿಗಳು ಮನೆಯೊಳಗೇ ಇವೆ, ತಾಯಿಯೂ ಜೊತೆಗಿದೆ. ಬೇರೆ ಬಿಸಿ ಯಾಕೆ ಬೇಕು?

ಹುಟ್ಟಿದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಚರ್ಮದಡಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚಳಿಯಾದರೆ ನಾವು ನಡುಗುತ್ತೇವೆ, ಆ ನಡುಕವೇ ಬಿಸಿ ಹುಟ್ಟಿಸುತ್ತದೆ. ಮರಿಗೆ ಮೊದಲ ಒಂದು ವಾರ ನಡುಗಲೂ ಆಗುವುದಿಲ್ಲ. ಸುತ್ತಲಿನ ಗಾಳಿ, ಕೆಳಗಿನ ನೆಲ, ತಾಯಿಯ ಹೊಟ್ಟೆ, ಒಡಹುಟ್ಟಿದವರ ಮೈ, ಇಷ್ಟರಿಂದ ಸಿಕ್ಕಿದ್ದೇ ಅದರ ಬಿಸಿ.

ಡಿಸೆಂಬರ್ ರಾತ್ರಿ ಬೆಂಗಳೂರಿನ ಮನೆಯೊಳಗೆ 20–22 ಡಿಗ್ರಿ ಸೆಲ್ಸಿಯಸ್ ಇದ್ದರೆ ನಮಗೆ ಹಿತ. ಆ ದಿನ ಹುಟ್ಟಿದ ಮರಿಗೆ ಬೇಕಾದದ್ದು 30ರ ಆಸುಪಾಸು. ಕಡಪ ಕಲ್ಲು, ಟೈಲ್ಸ್, ರೆಡ್ ಆಕ್ಸೈಡ್ ನೆಲಗಳಂತೂ ಮರಿಯ ಹೊಟ್ಟೆಯಿಂದ ಬಿಸಿಯನ್ನು ಹೀರುತ್ತಲೇ ಇರುತ್ತವೆ. ತಾಯಿ ಎದ್ದು ಹೊರಗೆ ಹೋಗಿ ಬರುವ ಅರ್ಧ ಗಂಟೆಯಲ್ಲೇ ಮರಿ ತಣ್ಣಗಾಗಿಬಿಡಬಹುದು.

ಎಷ್ಟು ಬಿಸಿ ಇರಬೇಕು?

ಮರಿ ಮಲಗುವ ಜಾಗದಲ್ಲಿ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್. ಎರಡನೇ ವಾರ 27–29. ಮೂರು ಮತ್ತು ನಾಲ್ಕನೇ ವಾರಕ್ಕೆ 24–26 ಸಾಕು. ಐದನೇ ವಾರದ ಹೊತ್ತಿಗೆ 21–24ರಲ್ಲಿ ಆರಾಮಾಗಿರುತ್ತವೆ.

ಇದು ಇಡೀ ಕೋಣೆಯ ಲೆಕ್ಕವಲ್ಲ, ಮರಿ ಮಲಗಿದ ಅಂಗೈಯಗಲ ಜಾಗದ ಲೆಕ್ಕ. ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 29 ತೋರಿಸುವಾಗ ನೆಲದಲ್ಲಿ 24 ಇರಬಹುದು. ಹಾಗಾಗಿ ಥರ್ಮಾಮೀಟರನ್ನು ಪೆಟ್ಟಿಗೆಯೊಳಗೆ, ಹಾಸಿಗೆಗಿಂತ ಎರಡು ಬೆರಳು ಮೇಲೆ, ತಾಯಿಯ ಬಾಯಿಗೆ ಸಿಗದಂತೆ ಕಟ್ಟಿ.

ಇಡೀ ಕೋಣೆಯನ್ನೇ 32ಕ್ಕೆ ಏರಿಸುವುದು ಬಹಳ ಜನ ಮಾಡುವ ತಪ್ಪು. ಮರಿಗೆ ಹಿತವಾದ ಬಿಸಿ ತಾಯಿಗೆ ಸೆಕೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಹವೆ ಇರಬೇಕು: ಒಂದು ಮೂಲೆ ಬೆಚ್ಚಗೆ, ಉಳಿದ ಭಾಗ ತಂಪಾಗಿ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಥರ್ಮಾಮೀಟರ್ ಇಲ್ಲ. ಮರಿಗಳನ್ನು ನೋಡಿಯೇ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಥರ್ಮಾಮೀಟರ್ ಇದ್ದವರೂ ಇದನ್ನು ಕಲಿಯಬೇಕು. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದು ಒಳಗೆ ನುಗ್ಗಲು ಒದ್ದಾಡುತ್ತಿದ್ದರೆ ಚಳಿಯಾಗಿದೆ. ಒಂದೊಂದೂ ಒಂದೊಂದು ಮೂಲೆಗೆ ಸರಿದು, ಕೈಕಾಲು ಚಾಚಿ, ಬಾಯಿ ತೆರೆದು, ನಾಲಿಗೆ ಕೆಂಪಾಗಿ ಕುಂಯ್‌ಗುಡುತ್ತಿದ್ದರೆ ಸೆಕೆ. ಪಕ್ಕಪಕ್ಕದಲ್ಲಿ, ಅಲ್ಪಸ್ವಲ್ಪ ತಾಗಿಕೊಂಡು, ಸದ್ದಿಲ್ಲದೆ ಮಲಗಿದ್ದರೆ ಸರಿಯಾಗಿದೆ.

ನಿದ್ದೆಯಲ್ಲಿ ಕಾಲು ಜಗ್ಗುವುದು, ಮೂತಿ ಮಿಡುಕುವುದು, ಬೆನ್ನ ಮೇಲೆ ಸಣ್ಣ ಅದುರು ಓಡುವುದು ಕಂಡರೆ ಹೆದರಬೇಡಿ. ಆರೋಗ್ಯದ ಮರಿ ಮಲಗುವುದೇ ಹಾಗೆ. ಒಂದು ಅದುರೂ ಇಲ್ಲದೆ ಚಪ್ಪಟೆಯಾಗಿ ಬಿದ್ದ ಮರಿಯನ್ನು ತಕ್ಷಣ ಕೈಗೆತ್ತಿಕೊಂಡು ನೋಡಬೇಕು.

ಪೆಟ್ಟಿಗೆ ಹೇಗಿರಬೇಕು, ಎಲ್ಲಿಡಬೇಕು?

ತಾಯಿ ಉದ್ದಕ್ಕೆ ಮಲಗಿ, ಮೇಲೆ ಇನ್ನೊಂದು ಅರ್ಧದಷ್ಟು ಜಾಗ ಉಳಿಯಬೇಕು. ಲ್ಯಾಬ್ರಡಾರ್‌ಗೆ ಸುಮಾರು 4 ಅಡಿ ಉದ್ದ, 4 ಅಡಿ ಅಗಲ. ಪೊಮೇರಿಯನ್‌ಗೆ ಎರಡೂವರೆ ಅಡಿ ಉದ್ದ, 2 ಅಡಿ ಅಗಲ ಸಾಕು. ಅದಕ್ಕಿಂತ ದೊಡ್ಡದು ಮಾಡಿದರೆ ಮರಿಗಳು ದಾರಿ ತಪ್ಪಿ ತಣ್ಣನೆ ಮೂಲೆಯಲ್ಲಿ ಒಂಟಿಯಾಗುತ್ತವೆ. ಗೋಡೆಗಳು ಒಂದೂವರೆ ಅಡಿ ಎತ್ತರ ಇರಲಿ. ತಾಯಿ ದಾಟುವ ಬದಿಯನ್ನು ಅರ್ಧ ಅಡಿಗೆ ತಗ್ಗಿಸಿ. ಹಾಲು ತುಂಬಿದ ಮೊಲೆ ಅಂಚಿಗೆ ಉಜ್ಜಿ ಗಾಯವಾಗಬಾರದು.

ದೊಡ್ಡ ತಳಿಯಾದರೆ ಒಳಗೋಡೆಗೆ ಸುತ್ತಲೂ ಒಂದು ಅಡ್ಡಪಟ್ಟಿ ಹಾಕಿಸಿ. ಪಿವಿಸಿ ಪೈಪ್ ಆದರೂ ನಡೆಯುತ್ತದೆ. ಹಾಸಿಗೆಯಿಂದ 10 ಸೆಂಟಿಮೀಟರ್ ಮೇಲೆ, ಗೋಡೆಯಿಂದ 10 ಸೆಂಟಿಮೀಟರ್ ಈಚೆಗಿರಲಿ. ತಾಯಿ ಗೋಡೆಗೆ ಒರಗಿ ದೊಪ್ಪೆಂದು ಮಲಗಿದಾಗ ಬೆನ್ನ ಹಿಂದೆ ಸಿಕ್ಕಿದ ಮರಿಗೆ ಉಳಿಯುವುದು ಆ ಸಂದು ಮಾತ್ರ. ಮೊದಲ ಮೂರು ದಿನ ಮರಿಗಳು ಸಾಯಲು ಮುಖ್ಯ ಕಾರಣಗಳಲ್ಲಿ ತಾಯಿಯಡಿ ಸಿಕ್ಕಿಕೊಳ್ಳುವುದೂ ಒಂದು.

ಪೆಟ್ಟಿಗೆಯನ್ನು ನೇರ ನೆಲಕ್ಕೆ ಇಡಬೇಡಿ. ಅಡಿಗೆ ಒಂದು ಥರ್ಮಾಕೋಲ್ ಹಲಗೆ ಹಾಕಿ ಅದರ ಮೇಲೆ ಪ್ಲೈವುಡ್ ಇಟ್ಟರೆ ನೆಲದ ತಂಪು ಮೇಲೇರುವುದಿಲ್ಲ. ಬಾಗಿಲಿಗೆ ಎದುರು, ಕಿಟಕಿಯಡಿ, ಫ್ಯಾನಿನ ಕೆಳಗೆ ಬೇಡ. ಜನ ಓಡಾಡದ ಮೂಲೆ ಒಳ್ಳೆಯದು. ದಿನ ತುಂಬುವುದಕ್ಕೆ ಒಂದೆರಡು ವಾರ ಮೊದಲೇ ತಾಯಿಯನ್ನು ಅಲ್ಲಿ ಮಲಗಿಸಿ ರೂಢಿ ಮಾಡಿ. ಹೊಸ ಜಾಗ ಹಿಡಿಸದಿದ್ದರೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದಡಿಗೆ ಸಾಗಿಸುತ್ತದೆ, ನೀವು ಮಾಡಿದ ಏರ್ಪಾಡೆಲ್ಲ ಅಲ್ಲಿಗೆ ಮುಗಿಯಿತು. ದೀಪಾವಳಿ ಆಸುಪಾಸಿನಲ್ಲಿ ಮರಿ ಹಾಕುವುದಿದ್ದರೆ ಬೀದಿ ಕಡೆಯ ಕೋಣೆ ಬಿಟ್ಟು ಒಳಗಿನ ಕೋಣೆ ಆರಿಸಿ. ಪಟಾಕಿಗೆ ಬೆದರಿದ ತಾಯಿ ಪೆಟ್ಟಿಗೆಯೊಳಗೇ ತಿರುಗಾಡಿ ಮರಿ ತುಳಿಯುತ್ತದೆ.

ಹಾಸಲು ಏನು ಒಳ್ಳೆಯದು?

ಮರಿ ಹಾಕುವ ಹೊತ್ತಿಗೆ ನ್ಯೂಸ್‌ಪೇಪರ್ ದಪ್ಪಗೆ ಹಾಸಿ. ಒದ್ದೆಯಾದದ್ದನ್ನು ಎಳೆದು ಬಿಸಾಡಬಹುದು. ಎಲ್ಲ ಮುಗಿದ ಮೇಲೆ ಬರೀ ಪೇಪರ್ ಉಳಿಸಬೇಡಿ. ಅದು ಜಾರುತ್ತದೆ. ಹಾಲು ಕುಡಿಯುವಾಗ ಮರಿ ಹಿಂಗಾಲಿನಿಂದ ನೂಕಿಕೊಳ್ಳಬೇಕು. ಜಾರುವ ಹಾಸಿನ ಮೇಲೆ ಕಾಲು ಎರಡೂ ಬದಿಗೆ ಹರಡಿಕೊಂಡೇ ಬೆಳೆದರೆ ಈಜುವ ಆಮೆಯ ಹಾಗೆ ಹೊಟ್ಟೆ ಎಳೆಯುತ್ತ ಹೋಗುತ್ತದೆ. ನೈಲಾನ್ ಸೀರೆಯನ್ನೂ ಇದೇ ಕಾರಣಕ್ಕೆ ಬಿಡಿ.

ಈ ಕೆಲಸಕ್ಕೆ ನಮ್ಮ ಉತ್ತರ ಕರ್ನಾಟಕದ ಕೌದಿಯಷ್ಟು ಒದಗಿಬರುವ ವಸ್ತು ಅಪರೂಪ. ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಉದ್ದಕ್ಕೂ ದಾರ ಓಡಿಸಿದ್ದರಿಂದ ಅದು ಸುಲಭಕ್ಕೆ ಮುದುಡುವುದಿಲ್ಲ. ಮುದುಡುವ ಬೆಡ್‌ಶೀಟಿನ ಮಡಿಕೆಯಲ್ಲಿ ಮರಿ ಹೊಕ್ಕು ಉಸಿರುಕಟ್ಟುವ ಅಪಾಯ ಕೌದಿಯಲ್ಲಿ ಕಡಿಮೆ. ಹತ್ತಿಯ ಸೀರೆಯದೇ ಆಗಿರಲಿ. ಹಾಸುವ ಮೊದಲು ಅಂಗೈಯನ್ನು ಮೇಲೆ ಆಡಿಸಿ, ಎದ್ದು ನಿಂತ ದಾರಗಳನ್ನೆಲ್ಲ ಕತ್ತರಿಸಿ. ಒಂದು ಎಳೆ ದಾರ ಮರಿಯ ಕಾಲಿಗೆ ಸುತ್ತಿದರೆ ಸಂಜೆಯೊಳಗೆ ಕಾಲು ನೀಲಿಯಾಗುತ್ತದೆ. ಕೌದಿ ಒಣಗುವುದು ನಿಧಾನವಾದ್ದರಿಂದ ಎರಡಾದರೂ ಇಟ್ಟುಕೊಳ್ಳಿ, ಅಂಚನ್ನು ಪ್ಲೈವುಡ್ ಕೆಳಗೆ ಮಡಚಿ ಸಿಕ್ಕಿಸಿ.

ಕುರಿ ಕಂಬಳಿ ಬೆಚ್ಚಗೇನೋ ಇದೆ, ಆದರೆ ಎಳೆ ಹೊಟ್ಟೆಗೆ ಚುಚ್ಚುತ್ತದೆ. ಕೌದಿಯಡಿ ಪದರವಾಗಿ ಹಾಕಿ. ಮರದ ಹೊಟ್ಟು, ಬಿಡಿ ಹುಲ್ಲು ಮೂಗು ಬಾಯಿಗೆ ಹೋಗುತ್ತವೆ. ಹಾಸಿಗೆ ಒದ್ದೆಯಾದ ಕೂಡಲೇ ಬದಲಿಸಬೇಕು. ಒದ್ದೆ ಹಾಸಿಗೆಯಲ್ಲಿ ಬಲ್ಬ್ ಹಾಕಿದ್ದರೂ ಮರಿ ತಣ್ಣಗಾಗುತ್ತದೆ. ಮರಿಗಳ ಮೇಲೆ ಏನನ್ನೂ ಹೊದಿಸಬೇಡಿ.

ಬಿಸಿ ಕೊಡಲು ಬಲ್ಬ್ ಒಳ್ಳೆಯದೋ, ಹೀಟಿಂಗ್ ಪ್ಯಾಡೋ?

ಯಾವುದಾದರೂ ಸರಿ, ಎರಡು ನಿಯಮ ಮೀರಬಾರದು. ಪೆಟ್ಟಿಗೆಯ ಒಂದು ಬದಿಗೆ, ಹೆಚ್ಚೆಂದರೆ ಅರ್ಧ ಭಾಗಕ್ಕೆ ಮಾತ್ರ ಬಿಸಿ ತಾಗಬೇಕು. ಸೆಕೆಯಾದ ಮರಿ ತೆವಳಿಕೊಂಡು ಈಚೆ ಬರಲು ಜಾಗವಿರಬೇಕು. ಬಿಸಿ ವಸ್ತು ಮರಿಯ ಚರ್ಮಕ್ಕೆ ನೇರ ತಾಗಬಾರದು.

*ಬಲ್ಬ್.* ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಬಿಸಿ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಎರಡು ದಿನ ಎಲ್‌ಇಡಿ ಉರಿಸಿ ಮರಿ ಕಳೆದುಕೊಳ್ಳುವವರಿದ್ದಾರೆ. ಒಳಗೆ ತಂತಿ ಇರುವ ಹಳೇ ಮಾದರಿಯ 60 ಅಥವಾ 100 ವಾಟ್ ಬಲ್ಬ್ ಬೇಕು. ಇಲ್ಲವೇ ಕೋಳಿಮರಿ ಸಾಕುವವರು ಬಳಸುವ ಇನ್‌ಫ್ರಾರೆಡ್ ಬಲ್ಬ್. ಇದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಹಾಕಿಸಿ, ಸುತ್ತ ತಂತಿಬಲೆ ಇರಲಿ. ಎತ್ತರ ಇಷ್ಟೇ ಎಂದು ಕಣ್ಣುಮುಚ್ಚಿ ಹೇಳಲಾಗದು. ಮೂರು ಅಡಿಯಲ್ಲಿ ಕಟ್ಟಿ, ಅರ್ಧ ಗಂಟೆ ಬಿಟ್ಟು ಹಾಸಿಗೆಯ ಮಟ್ಟದಲ್ಲಿ ಅಳೆದು, ಬೇಕಾದಷ್ಟು ಇಳಿಸಿ. ತಾಯಿ ಎದ್ದು ನಿಂತರೂ ತಲೆಗೆ ತಾಗಬಾರದು. ಕಟ್ಟುವುದಕ್ಕೆ ಸರಪಳಿ ಬಳಸಿ, ಬಲ್ಬನ್ನು ಅದರ ವೈರಿನಿಂದಲೇ ನೇತುಹಾಕಬೇಡಿ. ಕಳಚಿ ಬಿದ್ದರೆ ಹಾಸಿಗೆಗೆ ಬೆಂಕಿ.

*ಹೀಟಿಂಗ್ ಪ್ಯಾಡ್.* ಬೆನ್ನುನೋವಿಗೆ ಬಳಸುವುದನ್ನೇ ಬಳಸಬಹುದು, ಆದರೆ ಅತಿ ಕಡಿಮೆ ಬಿಸಿಯಲ್ಲಿ, ಕೌದಿಯ ಒಂದು ಪದರದ ಕೆಳಗೆ. ಕೈಗೆ ಬರೀ ಉಗುರುಬೆಚ್ಚಗೆ ಅನಿಸುವ ಪ್ಯಾಡ್ ಕೂಡ ಗಂಟೆಗಟ್ಟಲೆ ಒಂದೇ ಜಾಗಕ್ಕೆ ತಾಗಿದರೆ ಮರಿಯ ಚರ್ಮ ಸುಡುತ್ತದೆ. ಕೆಲವು ಪ್ಯಾಡ್ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತವೆ. ರಾತ್ರಿಯಿಡೀ ನಡೆಯುತ್ತದೆಂದು ನಂಬಿ ಮಲಗುವ ಮೊದಲು ಪರೀಕ್ಷಿಸಿ. ವೈರನ್ನು ಪಿವಿಸಿ ಪೈಪಿನೊಳಗೆ ಹಾಯಿಸಿ, ತಾಯಿ ಕಡಿಯುತ್ತದೆ.

*ಇದ್ದಿಲು ಕೆಂಡ.* ಕೊಡಗು, ಮಲೆನಾಡಿನ ಕಡೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಕೋಣೆಯಲ್ಲಿಡುವ ರೂಢಿ ಇದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮರಿಗಳನ್ನಷ್ಟೇ ಅಲ್ಲ, ಅಲ್ಲಿ ಮಲಗಿದ ನಿಮ್ಮನ್ನೂ ಕೊಲ್ಲಬಲ್ಲದು.

ಯಾವ ಹೀಟರ್ ಇಟ್ಟರೂ ಗಾಳಿ ಒಣಗುತ್ತದೆ, ಮರಿಯ ಚರ್ಮವೂ ಒಣಗುತ್ತದೆ. ಪೆಟ್ಟಿಗೆಯ ಹೊರಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ.

ರಾತ್ರಿ ಕರೆಂಟ್ ಹೋದರೆ?

ಪ್ಲಾಸ್ಟಿಕ್ ಬಾಟಲಿಗಳಿಗೆ ಬಿಸಿನೀರು ತುಂಬಿ. ಕುದಿಯುವ ನೀರಲ್ಲ, ಕೈ ಅದ್ದಿದರೆ ಸಹಿಸಿಕೊಳ್ಳುವಷ್ಟು, ಅಂದರೆ 45 ಡಿಗ್ರಿಯೊಳಗೆ. ಮುಚ್ಚಳ ಬಿಗಿದು, ತಲೆಕೆಳಗು ಹಿಡಿದು ಸೋರುತ್ತದೆಯೇ ನೋಡಿ, ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಎರಡು ಗಂಟೆಗೊಮ್ಮೆ ಬದಲಿಸಿ. ಆರಿದ ಬಾಟಲಿ ಸುಮ್ಮನೆ ಬಿದ್ದಿರುವುದಿಲ್ಲ, ಮರಿಯಿಂದಲೇ ಬಿಸಿ ಎಳೆಯುತ್ತದೆ. ಅಲಾರಂ ಇಟ್ಟು ಏಳಲು ಆಗುವುದಿಲ್ಲ ಎಂದಾದರೆ ಬಾಟಲಿ ಇಡದಿರುವುದೇ ಮೇಲು. ತಾಯಿ ಪೆಟ್ಟಿಗೆ ಬಿಟ್ಟು ಹೋಗದಂತೆ ಪಕ್ಕದಲ್ಲೇ ನೀರು, ಊಟ ಇಡಿ. ಮನೆಯ ಇನ್ವರ್ಟರ್ 60 ವಾಟ್ ಬಲ್ಬನ್ನು ಸುಲಭವಾಗಿ ಎಳೆಯುತ್ತದೆ, ಬಲ್ಬಿನ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಿ.

ತಾಯಿ ಮರಿಗಳನ್ನು ಬಿಟ್ಟು ಬರೀ ನೆಲದ ಮೇಲೆ ಹೋಗಿ ಮಲಗುತ್ತದೆ. ಮರಿ ಬೇಡವಾಗಿದೆಯೇ?

ಬಹುಪಾಲು ಅದಕ್ಕೆ ಸೆಕೆಯಾಗಿರುತ್ತದೆ. ಬಲ್ಬಿನಡಿ ಏದುಸಿರು ಬಿಡುತ್ತ ಹಾಸಿಗೆ ಕೆರೆಯುತ್ತಿದ್ದರೆ ಬಿಸಿಯನ್ನು ಮೂಲೆಗೆ ಸರಿಸಿ, ಪೆಟ್ಟಿಗೆಯ ತಂಪು ಬದಿಯಲ್ಲಿ ಅದಕ್ಕೆ ಮೈ ಚಾಚುವಷ್ಟು ಜಾಗ ಮಾಡಿ. ಉದ್ದ ಕೂದಲಿನ ಪೊಮೇರಿಯನ್‌ಗೆ ಈ ತೊಂದರೆ ಹೆಚ್ಚು. ಮುಧೋಳದಂಥ ತೆಳು ಮೈಯ ತಾಯಿಗೆ ಬದಲಾಗಿ ತಾನೇ ಚಳಿ. ಅದಕ್ಕೆ ದಪ್ಪ ಕೌದಿಯೇ ಬೇಕು. ಮೂರನೇ ವಾರದ ನಂತರ ತಾಯಿ ಆಗಾಗ ದೂರ ಮಲಗುವುದು ಸಹಜ.

ಸೆಕೆಯಿಲ್ಲದಿದ್ದರೂ ಏದುಸಿರು, ಚಡಪಡಿಕೆ, ಕಾಲು ಬಿಗಿದು ತೂರಾಡುವುದು, ಮೈ ನಡುಕ ಕಂಡರೆ ಅದು ಬೇರೆ ವಿಷಯ. ಹಾಲಿಗೆ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಕುಸಿದಾಗ ಹೀಗಾಗುತ್ತದೆ. ಸಣ್ಣ ತಳಿಗಳಲ್ಲಿ, ಮರಿ ಹೆಚ್ಚಿದ್ದಾಗ, ಎರಡರಿಂದ ನಾಲ್ಕನೇ ವಾರದಲ್ಲಿ ಜಾಸ್ತಿ. ಮರಿಗಳನ್ನು ಮೊಲೆಯಿಂದ ಬಿಡಿಸಿ ಆ ಕ್ಷಣವೇ ವೈದ್ಯರ ಬಳಿ ಒಯ್ಯಿರಿ, ಬೆಳಗಿನ ತನಕ ಕಾಯಬೇಡಿ. ಇದನ್ನು ತಡೆಯಲೆಂದು ಗಬ್ಬದಲ್ಲೇ ಕ್ಯಾಲ್ಸಿಯಂ ಸಿರಪ್ ಕುಡಿಸುವುದು ಉಲ್ಟಾ ಕೆಲಸ. ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಮೈಯ ಶಕ್ತಿಯೇ ಮಂದವಾಗುತ್ತದೆ.

ಒಂದು ಮರಿ ತಣ್ಣಗಾಗಿ ಬಿದ್ದಿದೆ. ಹಾಲು ಕುಡಿಸಲೇ?

ಬೇಡ. ಮೊದಲು ಬಿಸಿ, ಆಮೇಲೆ ಹಾಲು. ಮೈಬಿಸಿ 94 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆತು ಉಬ್ಬರಿಸುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರೀತಿಯಿಂದ ಫಿಲ್ಲರಿನಲ್ಲಿ ಹಾಲು ಹಾಕಿದ್ದೇ ಎಷ್ಟೋ ಮರಿಗಳ ಸಾವಿಗೆ ಕಾರಣ.

ಕಿರುಬೆರಳ ತುದಿಯನ್ನು ಬಾಯಲ್ಲಿಟ್ಟು ನೋಡಿ. ಆರೋಗ್ಯದ ಮರಿಯ ಬಾಯಿ ಬೆಚ್ಚಗಿರುತ್ತದೆ, ಬೆರಳನ್ನು ಜಗ್ಗಿ ಚೀಪುತ್ತದೆ. ಬಾಯಿ ತಣ್ಣಗಿದ್ದು ಚೀಪದಿದ್ದರೆ ಮೈ ಒರೆಸಿ ಒಣಗಿಸಿ, ನಿಮ್ಮ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಳ್ಳಿ. ಮೈಬಿಸಿಯಷ್ಟು ಹದವಾದ ಹೀಟರ್ ಇನ್ನೊಂದಿಲ್ಲ. ಆಮೇಲೆ ಬೇಕಾದರೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಮಲಗಿಸಿ, ಕೆಲವು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಮೆಲ್ಲಗೆ ಇಟ್ಟು ನೋಡುತ್ತಿರಿ. ಗಂಟೆಗೆ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಸಾಕು. ಅವಸರಕ್ಕೆ ಬಿಸಿನೀರಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ: ಚರ್ಮದ ರಕ್ತನಾಳಗಳು ಒಮ್ಮೆಲೇ ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ, ಸೋತ ಹೃದಯಕ್ಕೆ ಅದು ತಡೆಯದು. ಈ ಹೊತ್ತಿನಲ್ಲಿ ಗ್ಲೂಕೋಸ್ ಪುಡಿ ಕದಡಿದ ನೀರನ್ನು ಬೆರಳಲ್ಲಿ ಒಸಡಿಗೆ ಒಂದೆರಡು ಹನಿ ಸವರಬಹುದು, ಕುಡಿಸಬಾರದು.

96–97 ಡಿಗ್ರಿಗೆ ಬಂದು ಬೆರಳು ಚೀಪತೊಡಗಿದಾಗ ತಾಯಿಯ ಹಿಂದಿನ ಮೊಲೆಗೆ ಹಚ್ಚಿ. ಸಾಮಾನ್ಯವಾಗಿ ಅಲ್ಲಿ ಹಾಲು ಹೆಚ್ಚು. ಮೊದಲ ವಾರ ಮರಿಯ ಸಹಜ ಮೈಬಿಸಿಯೇ 95ರಿಂದ 99. ನಮ್ಮ 98.6ರ ಲೆಕ್ಕ ಹಿಡಿದು ಗಾಬರಿಯಾಗಬೇಡಿ. ಎರಡು ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ಅಂಗಿಯೊಳಗೇ ಇಟ್ಟುಕೊಂಡು ವೈದ್ಯರ ಬಳಿ ಹೋಗಿ.

ಇನ್ನೊಂದು ಮಾತು. ತಣ್ಣಗಾದ ಮರಿ ಕೂಗುವುದಿಲ್ಲ, ಹುಡುಕಿಕೊಂಡು ಬರುವುದಿಲ್ಲ. ತಾಯಿ ಅದನ್ನು ಮೂತಿಯಿಂದ ಆಚೆ ತಳ್ಳುತ್ತದೆ. ‘ತಾಯಿಗೇ ಗೊತ್ತು, ಅದು ಉಳಿಯೋ ಮರಿಯಲ್ಲ’ ಎಂದು ಮನೆಯವರು ಕೈಬಿಡುತ್ತಾರೆ. ಅದೇ ಮರಿಯನ್ನು ಬೆಚ್ಚಗೆ ಮಾಡಿ ಮರಳಿಸಿದರೆ ಎಷ್ಟೋ ಸಲ ತಾಯಿ ನೆಕ್ಕಿ ಹಾಲು ಕೊಡುತ್ತದೆ. ದಯವಿಟ್ಟು ಒಂದು ಪ್ರಯತ್ನ ಮಾಡಿ.

ತಾಯಿಗೆ ಹಾಲಿಲ್ಲ. ಹಸುವಿನ ಹಾಲು ಆಗುತ್ತದೆಯೇ?

ನಾಯಿ ಹಾಲಿನ ಮುಂದೆ ಹಸುವಿನ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಕಡಿಮೆ, ಲ್ಯಾಕ್ಟೋಸ್ ಹೆಚ್ಚು. ಭೇದಿಯಾಗುತ್ತದೆ. ಪೆಟ್ ಅಂಗಡಿಯಲ್ಲಿ ಮರಿಗಳಿಗೆಂದೇ ಇರುವ ಹಾಲಿನ ಪುಡಿ ತಂದು, ಡಬ್ಬಿಯ ಮೇಲಿನ ಅಳತೆಯಲ್ಲಿ ಕದಡಿ, ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಎರಡು ಮೂರು ಗಂಟೆಗೊಮ್ಮೆ ಕೊಡಿ. ಮರಿ ಹೊಟ್ಟೆಯ ಮೇಲೆ ಮಲಗಿರಬೇಕು. ಕೂಸಿನಂತೆ ಅಂಗಾತ ಮಲಗಿಸಿದರೆ ನೆತ್ತಿಗೇರುತ್ತದೆ. ಕುಡಿದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಕೆಳಹೊಟ್ಟೆಯ ಬುಡ ಒರೆಸಿ. ತಾಯಿ ನೆಕ್ಕದೆ ಅವಕ್ಕೆ ಉಚ್ಚೆ, ಕಕ್ಕ ಬರುವುದಿಲ್ಲ. ಏನೇ ಆದರೂ ಮೊದಲ 12 ಗಂಟೆಯೊಳಗೆ ತಾಯಿಯ ಗಿಣ್ಣು ಹಾಲು ಸ್ವಲ್ಪವಾದರೂ ಹೊಟ್ಟೆಗೆ ಹೋಗುವಂತೆ ನೋಡಿ.

ಮರಿ ಸರಿಯಾಗಿ ಬೆಳೆಯುತ್ತಿದೆ ಎಂದು ತಿಳಿಯುವುದು ಹೇಗೆ?

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಕೆಳಗೆ ಟವೆಲ್ ಹಾಸಿ, ತಕ್ಕಡಿಯ ಗಾಜೂ ತಣ್ಣಗಿರುತ್ತದೆ. ಮೊದಲ ದಿನ ಸ್ವಲ್ಪ ಇಳಿಯಬಹುದು. ಆಮೇಲೆ ದಿನಕ್ಕೆ ಹಿಂದಿನ ದಿನದ ತೂಕದ 5ರಿಂದ 10 ಪ್ರತಿಶತ ಏರಿ, ಹತ್ತರಿಂದ ಹದಿನಾಲ್ಕು ದಿನದ ಹೊತ್ತಿಗೆ ಹುಟ್ಟುತೂಕ ಇಮ್ಮಡಿಯಾಗಬೇಕು. ಒಂದು ದಿನ ಏರದಿದ್ದರೆ ಕಣ್ಣಿಡಿ, ಎರಡನೇ ದಿನವೂ ಏರದಿದ್ದರೆ ವೈದ್ಯರಿಗೆ ತೋರಿಸಿ.

ಬಾಣಂತಿ ಸ್ನಾನ, ಸಾಂಬ್ರಾಣಿ ಹೊಗೆ ಮಾಡಬಹುದೇ?

ಮನುಷ್ಯರ ಬಾಣಂತನದ ಪದ್ಧತಿ ಇಲ್ಲಿ ಬೇಡ. ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ, ಕರ್ಪೂರ ಮರಿಯ ಎಳೆ ಶ್ವಾಸಕೋಶಕ್ಕೆ ಭಾರ. ಮರಿಗೆ ಸ್ನಾನ, ಪೌಡರ್ ಯಾವುದೂ ಇಲ್ಲ. ತಾಯಿಯ ಹಿಂಭಾಗ, ಮೊಲೆಗಳನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ ಒಳಗೆ ಬಿಡಿ. ಒದ್ದೆ ಮೈಯ ತಾಯಿ ಮರಿಗಳನ್ನೂ ಒದ್ದೆ ಮಾಡುತ್ತದೆ. ಕೆಂಪು-ಕಂದು ಸ್ರಾವ ಮೂರು ವಾರದವರೆಗೆ ಇಷ್ಟಿಷ್ಟೇ ಬರಬಹುದು. ಕೆಟ್ಟ ನಾತ, ಕೀವು, 103ಕ್ಕಿಂತ ಮೇಲೆ ಜ್ವರ, ಅಥವಾ ಮೊಲೆ ಕಲ್ಲಿನಂತೆ ಗಟ್ಟಿಯಾಗಿ ಸುಡುತ್ತಿದ್ದರೆ ಚಿಕಿತ್ಸೆ ಬೇಕು.

ಊಟಕ್ಕೆ ಬರೀ ಹಾಲು-ಅನ್ನ ಸಾಲದು. ಮೂರನೇ ವಾರದ ಹೊತ್ತಿಗೆ ಮಾಮೂಲಿನ ಎರಡು ಮೂರು ಪಟ್ಟು ತಿನ್ನಬೇಕಾಗುತ್ತದೆ. ಮರಿಗಳಿಗೆಂದು ಮಾಡಿದ ಪಪ್ಪಿ ಫುಡ್ ಅನ್ನೇ ತಾಯಿಗೂ ಕೊಡುವುದು ಸುಲಭದ ದಾರಿ. ಅದರ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಇರಲಿ. ದಿನಕ್ಕೆ ನಾಲ್ಕು ಸಲ ಹಂಚಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ಸೇರಿಸಬೇಡಿ.

ಇರುವೆ, ಸೊಳ್ಳೆ ಕಾಟಕ್ಕೆ ಏನು ಮಾಡುವುದು?

ಹಾಲು, ರಕ್ತದ ವಾಸನೆಗೆ ಕೆಂಪಿರುವೆ ಬಂದೇ ಬರುತ್ತದೆ. ಕಣ್ಣು ತೆರೆಯದ ಮರಿಗೆ ಅದು ಪ್ರಾಣಾಪಾಯ. ಪೆಟ್ಟಿಗೆಗೆ ನಾಲ್ಕು ಕಾಲು ಕೊಟ್ಟು, ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡಿ. ಇರುವೆ ಸೀಮೆಸುಣ್ಣ, ಪುಡಿ ಹತ್ತಿರ ತರಬೇಡಿ, ತಾಯಿ ನೆಕ್ಕುತ್ತದೆ. ಸೊಳ್ಳೆಗೆ ಪರದೆ ಕಟ್ಟಿ, ಬಲ್ಬಿಗೆ ತಾಗದಂತೆ.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ ಬಲ್ಬ್ ಬೇಕೇ?

ಹಗಲು 40 ದಾಟುವ ಊರಲ್ಲಿ ಬಲ್ಬ್ ಆರಿಸಿ. ಅಲ್ಲಿ ಮರಿ ಬಿಸಿಯಿಂದ ಬಾಡುತ್ತದೆ. ಕೋಣೆಯಲ್ಲಿ ಕೂಲರ್ ನಡೆಯಲಿ, ಗಾಳಿ ಗೋಡೆಗೆ ಹೊಡೆದು ಬರಲಿ. ಬೆಳಗಿನ ಜಾವ ಮಾತ್ರ ಒಮ್ಮೆ ಮರಿಗಳ ಗುಂಪು ನೋಡಿ, ಗುಡ್ಡೆಯಾಗಿದ್ದರೆ ಕೂಲರ್ ನಿಲ್ಲಿಸಿ.

ಮಲೆನಾಡಿನ ಮಳೆಗಾಲದಲ್ಲಿ ಕಷ್ಟ ಬೇರೆ: ಬಟ್ಟೆ ಒಣಗುವುದಿಲ್ಲ. ಹಾಸಿಗೆಯ ನಾಲ್ಕೈದು ಜೊತೆ ಬೇಕು. ಕೈಗೆ ಒಣಗಿದಂತೆ ತೋರಿದರೂ ಇಸ್ತ್ರಿ ಹಾಕಿ ಹಾಸಿ.

ಬೀದಿ ನಾಯಿಯೊಂದು ನಮ್ಮ ಕಾಂಪೌಂಡಿನಲ್ಲಿ ಮರಿ ಹಾಕಿದೆ. ಒಳಗೆ ತರಬೇಕೇ?

ಮಳೆನೀರು ನುಗ್ಗದಿದ್ದರೆ ಜಾಗ ಬದಲಿಸಬೇಡಿ. ತಾಯಿ ಹೆದರಿ ಮರಿಗಳನ್ನು ರಸ್ತೆಯಾಚೆ ಒಯ್ಯಬಹುದು. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡೂ ಬದಿಗೆ ಇಟ್ಟಿಗೆ ಕೊಟ್ಟು, ಬಾಯಿಯನ್ನು ಗಾಳಿಮಳೆಗೆ ಬೆನ್ನು ಮಾಡಿ ಅಲ್ಲೇ ಪಕ್ಕದಲ್ಲಿ ಇಡಿ. ಒಳಗೆ ಒಣ ಗೋಣಿಚೀಲ ಎರಡು ಪದರ, ಮೇಲೆ ಹಳೆ ಟವೆಲ್. ಒಂದಿಷ್ಟು ಊಟ ಡ್ರಮ್ಮಿನ ಬಾಯಿಯ ಬಳಿ ಇಟ್ಟು ನೀವು ದೂರ ಸರಿಯಿರಿ. ಸಂಜೆಯೊಳಗೆ ತಾಯಿ ತಾನೇ ಮರಿಗಳನ್ನು ಕಚ್ಚಿ ಒಳಗೆ ಸೇರಿಸುವುದುಂಟು.

ಬಿಸಿ ಯಾವಾಗ ನಿಲ್ಲಿಸಬಹುದು?

ಒಮ್ಮೆಲೇ ಬೇಡ. ಎರಡು ವಾರದ ಹೊತ್ತಿಗೆ ಕಣ್ಣು ತೆರೆಯುತ್ತವೆ. ಮೂರನೇ ವಾರ ಎದ್ದು ತಾವೇ ಬಿಸಿ-ತಂಪು ಹುಡುಕಿಕೊಳ್ಳುತ್ತವೆ. ಆಗ ಬಲ್ಬನ್ನು ಹಗಲು ಆರಿಸಿ, ರಾತ್ರಿ ಮಾತ್ರ ಉರಿಸಿ. ನಾಲ್ಕನೇ ವಾರ ರಾತ್ರಿಯೂ ಮರಿಗಳು ಬಲ್ಬಿನ ಮೂಲೆ ಬಿಟ್ಟು ಮಲಗತೊಡಗಿದರೆ ತೆಗೆದಿಡಿ. ಜಂತುಹುಳುವಿನ ಮೊದಲ ಔಷಧಿಗೆ ಎರಡನೇ ವಾರದಲ್ಲೇ ವೈದ್ಯರನ್ನು ಕಾಣಬೇಕು. ಒಯ್ಯುವಾಗ ಬುಟ್ಟಿಯಲ್ಲಿ ಎಲ್ಲ ಮರಿಗಳನ್ನೂ ಒಟ್ಟಿಗೆ ಇಟ್ಟು, ಮೇಲೆ ಗಾಳಿಯಾಡುವ ಬಟ್ಟೆ ಹಾಕಿ. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಬೇಡಿ, ಆ ಗಾಳಿ ಹೊಡೆತ ಅವಕ್ಕೆ ಇನ್ನೂ ತಡೆಯುವುದಿಲ್ಲ.